ಬಾಯಷ್ಟೇ ಆಡಿಸು

ಮೂವತ್ತು ವರ್ಷ ಮೇಷ್ಟರಾಗಿದ್ದವನು ಆಡಿದ ಮಾತಿನ ಲೆಕ್ಕ ಇಟ್ಟವರು ಯಾರು? ತರಗತಿಯಲ್ಲಿ ಹೇಳಿದ್ದರಲ್ಲಿ ಹೆಚ್ಚಿನದು ಕೇಳಿದವರಿಗೂ ಮರೆತಿದೆ, ಹೇಳಿದ ನನಗೂ ಮರೆತಿದೆ. ಮರೆಯದೆ ಉಳಿದದ್ದು ಪಾಠದ ಮಾತಲ್ಲ. ಒಬ್ಬ ಹುಡುಗನ ಹೆಗಲ ಮೇಲೆ ಕೈಯಿಟ್ಟು, ಪಕ್ಕದವರಿಗೆ ಕೇಳಿಸದ ಹಾಗೆ ಹೇಳಿದ ಒಂದು ಮಾತು: ‘ನೀನು ಬಾಯಷ್ಟೇ ಆಡಿಸು, ದನಿ ಬಿಡಬೇಡ.’ ಹೇಳುವಾಗ ನಾನು ನಗುತ್ತಿದ್ದೆ. ಅವನೂ ನಕ್ಕು ‘ಆಯ್ತು ಸಾರ್’ ಅಂದ. ಅಷ್ಟರಲ್ಲಿ ನಮ್ಮ ಕಾಲೇಜಿನ ಹೆಸರು ಕೂಗಿದರು. ಮಕ್ಕಳು ವೇದಿಕೆ ಹತ್ತಿದರು.

ಆ ಮಾತು ಕರುಣೆಯದೋ ಕಪಟದ್ದೋ ಎಂದು ಆಗ ಯಾರಾದರೂ ಕೇಳಿದ್ದರೆ ಕರುಣೆಯದೇ ಎಂದು ಎದೆ ತಟ್ಟಿ ಹೇಳುತ್ತಿದ್ದೆ. ಈಗ ಹಾಗೆ ಹೇಳಲು ಧೈರ್ಯವಿಲ್ಲ. ಯಾಕೆ ಎಂಬುದನ್ನು ಹೇಳಬೇಕಾದರೆ ಮೊದಲಿನಿಂದ ಹೇಳಬೇಕು.

ನನ್ನೂರು ಮಧುವನಹಳ್ಳಿ. ಕೊಳ್ಳೇಗಾಲದಿಂದ ಹನೂರಿನ ದಾರಿ ಹಿಡಿದರೆ ಸಿಗುವ ಊರು. ಅದೇ ದಾರಿ ಮುಂದೆ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುತ್ತದೆ. ಶಿವರಾತ್ರಿ ಹತ್ತಿರವಾದಾಗ ಕಾಲ್ನಡಿಗೆಯ ಪರಸೆ ಹಗಲೂ ರಾತ್ರಿ ನಮ್ಮ ಮನೆಯ ಮುಂದೆ ಸಾಗುತ್ತಿತ್ತು. ಉಘೇ ಎನ್ನುವ ಕೂಗು ಒಂದು ಗುಂಪಿನಿಂದ ಇನ್ನೊಂದು ಗುಂಪಿಗೆ ದಾಟಿಕೊಂಡು ಹೋಗುವುದನ್ನು ಕೇಳುತ್ತಲೇ ನಾನು ನಿದ್ದೆ ಹೋಗುತ್ತಿದ್ದೆ. ಕಂಸಾಳೆ ಹಿಡಿದ ದೇವರ ಗುಡ್ಡರು, ತಂಬೂರಿ ಹಿಡಿದು ಮಂಟೇಸ್ವಾಮಿಯ ಕಥೆ ಹೇಳುವ ನೀಲಗಾರರು ನಮ್ಮ ಸೀಮೆಯಲ್ಲಿ ಅಪರೂಪದವರಲ್ಲ. ಮನೆಯೊಳಗೆ ಮದುವೆಗೆ, ಒಸಗೆಗೆ, ತೊಟ್ಟಿಲಿಗೆ ಹೆಂಗಸರ ಸೋಬಾನೆ. ಅದಕ್ಕೆ ಯಾವ ವಾದ್ಯವೂ ಇರಲಿಲ್ಲ. ಒಬ್ಬಾಕೆ ಎತ್ತಿಕೊಡುತ್ತಾಳೆ, ಉಳಿದವರು ಸೊಲ್ಲು ಹಿಡಿಯುತ್ತಾರೆ, ಅಷ್ಟೆ. ಬರಿಯ ಗಂಟಲಿನಿಂದ ನಾಲ್ಕು ಜನ ಸೇರಿ ಹಾಡುವುದಕ್ಕೆ ಒಂದು ಹೆಸರಿದೆ, ಅದನ್ನು ಕಾಲೇಜುಗಳಲ್ಲಿ ಸಂಘ ಕಟ್ಟಿಕೊಂಡು ಮಾಡುವ ದೇಶಗಳಿವೆ ಎಂಬುದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ.

ತೊಂಬತ್ತರ ದಶಕದ ಮೊದಲ ವರ್ಷಗಳು. ಚಾಮರಾಜನಗರ ಜಿಲ್ಲೆ ಇನ್ನೂ ಆಗಿರಲಿಲ್ಲ, ಅದಾದದ್ದು 1997ರಲ್ಲಿ. ನಮಗೆಲ್ಲ ಮೈಸೂರೇ ಜಿಲ್ಲೆ, ಮೈಸೂರೇ ವಿಶ್ವವಿದ್ಯಾನಿಲಯ. ನಾನು ಪಾಠ ಹೇಳುತ್ತಿದ್ದ ಕಾಲೇಜಿನ ಹೆಸರು ಇಲ್ಲಿ ಬೇಡ. ಅಲ್ಲಿ ಒಂದು ಹಾರ್ಮೋನಿಯಂ ಇತ್ತು. ಅದರ ತಿದಿಯನ್ನು ಇಲಿ ಕಡಿದು ಎರಡು ವರ್ಷವಾಗಿತ್ತು. ರಿಪೇರಿಗೆ ಹಣ ಕೇಳಿ ಬರೆದ ಅರ್ಜಿಯೂ ಅದೇ ಬೀರುವಿನಲ್ಲಿ ಹಾರ್ಮೋನಿಯಂ ಪಕ್ಕದಲ್ಲೇ ಇತ್ತು.

ಆ ವರ್ಷ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಕ್ಕೆ ಹುಡುಗರನ್ನು ಒಂದು ಹಳ್ಳಿಗೆ ಕರೆದುಕೊಂಡು ಹೋಗಿದ್ದೆ. ಹಗಲು ಚರಂಡಿ ತೋಡುವುದು, ಸಂಜೆ ಭಾಷಣ. ಮೂರನೆಯ ರಾತ್ರಿ ಕರೆಂಟು ಹೋಯಿತು. ಭಾಷಣಕಾರರೂ ಬರಲಿಲ್ಲ. ಶಾಲೆಯ ಜಗಲಿಯ ಮೇಲೆ ಲಾಟೀನು ಇಟ್ಟುಕೊಂಡು ಕೂತಿದ್ದಾಗ ಯಾರೋ ಹಾಡಬಹುದಿತ್ತು ಅಂದರು. ಇನ್ನೊಬ್ಬರು ಪೆಟ್ಟಿಗೆ ಇಲ್ಲವಲ್ಲ ಅಂದರು. ಆಗ ಎರಡನೆಯ ವರ್ಷದ ಬಿ.ಎ. ಹುಡುಗನೊಬ್ಬ, ‘ಪೆಟ್ಗ ಇಲ್ದಿದ್ರ ಏನಾಯ್ತು? ನಮ್ಮವ್ವಾರು ಪೆಟ್ಗ ಮಡಿಕಂಡು ಸೋಬಾನ ಹಾಡ್ತಾರ?’ ಎಂದ. ಎಲ್ಲರೂ ನಕ್ಕರು. ನಕ್ಕವರೇ ಹಾಡಿದರು. ಊರಿನ ಹೆಂಗಸರು ಬಂದು ಜಗಲಿಯ ಕೆಳಗೆ ಕೂತರು. ನಮ್ಮ ಹುಡುಗಿಯರು ಮರೆತ ಸಾಲನ್ನು ಕತ್ತಲಿನಿಂದ ಅವರು ಎತ್ತಿಕೊಟ್ಟರು. ಹನ್ನೊಂದು ಗಂಟೆಯಾದರೂ ಯಾರೂ ಏಳಲಿಲ್ಲ.

ಶಿಬಿರ ಮುಗಿಸಿ ಬಂದ ಮೇಲೆ ಆ ಹುಡುಗ ಬಿಡಲಿಲ್ಲ. ವಾರಕ್ಕೆರಡು ದಿನ ಕಾಲೇಜು ಬಿಟ್ಟ ಮೇಲೆ ಒಂದು ಗಂಟೆ ಹಾಡೋಣ, ನೀವು ಜೊತೆಗಿರಿ ಎಂದು ಬೆನ್ನು ಹತ್ತಿದ. ಜವಾನನನ್ನು ಒಲಿಸಿಕೊಂಡು ಮೂಲೆಯ ಕೊಠಡಿಯ ಬೀಗದ ಕೈ ತಂದವನು ಅವನು. ಹುಡುಗಿಯರ ಮನೆಗೆ ಹೋಗಿ ‘ಐದೂವರೆ ಬಸ್ಸಿಗೆ ಹತ್ತಿಸಿ ಕಳಿಸ್ತೀವಿ’ ಎಂದು ತಂದೆಯರಿಗೆ ಮಾತು ಕೊಟ್ಟವನು ಅವನು. ಅವರವರ ಮನೆಯ ಅಜ್ಜಿಯರಿಂದ ಹಾಡು ಬರೆಸಿಕೊಂಡು ನೂರು ಪುಟದ ನೋಟ್‌ಬುಕ್ ತುಂಬಿಸಿದವನೂ ಅವನೇ. ಮೇಳವೆಂದು ಏನಾದರೂ ಇದ್ದರೆ ಅದನ್ನು ಕಟ್ಟಿದವನು ಅವನು, ನಾನಲ್ಲ.

ಅವನಿಗೆ ಶ್ರುತಿ ಸೇರುತ್ತಿರಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಳ್ಳಿಯ ಗಂಟಲು ಬೇರೆ, ಪೇಟೆಯ ಕಿವಿ ಬೇರೆ. ಅವನ ಹಾಡಿಗೆ ಬೇರೆಯೇ ಸೊಗಸಿತ್ತು, ನನಗೆ ಅದು ತಿಳಿಯಲಿಲ್ಲ ಎಂದು ಬರೆದುಬಿಟ್ಟರೆ ಓದುವವರಿಗೆ ಹಿತವಾಗುತ್ತದೆ. ಸುಳ್ಳಾಗುತ್ತದೆ. ಅವನ ದನಿ ನಿಜವಾಗಿಯೂ ಹಿಡಿದ ಕಡೆ ನಿಲ್ಲುತ್ತಿರಲಿಲ್ಲ. ಮೊದಲ ಸಾಲಿನಲ್ಲಿ ಸರಿಯಾಗಿದ್ದದ್ದು ಮೂರನೆಯ ಸಾಲಿಗೆ ಜಾರುತ್ತಿತ್ತು. ವಿಚಿತ್ರವೆಂದರೆ ಅವನ ಕಿವಿ ಚೆನ್ನಾಗಿತ್ತು. ಆರು ಜನ ಹಾಡುವಾಗ ಯಾರು ತಪ್ಪಿದರು ಎಂಬುದನ್ನು ನನಗಿಂತ ಮೊದಲು ಅವನೇ ಹಿಡಿಯುತ್ತಿದ್ದ. ತಾನು ತಪ್ಪಿದ್ದೂ ಅವನಿಗೆ ಕೇಳುತ್ತಿತ್ತೆಂದು ಈಗ ಊಹಿಸಬಲ್ಲೆ. ಆಗ ಯೋಚಿಸಲಿಲ್ಲ.

ವಾದ್ಯವಿಲ್ಲದೆ ಹಾಡುವುದು ಸುಲಭ ಎಂದು ಶುರು ಮಾಡಿದ ನಮಗೆ ಅದು ಎಷ್ಟು ಕಷ್ಟ ಎಂಬುದು ಬೇಗ ತಿಳಿಯಿತು. ಮೊದಲ ತೊಡಕು ಶ್ರುತಿ ಯಾರದು ಎಂಬುದು. ಗಂಡಸಿನ ದನಿಗೆ ಹೊಂದುವ ಷಡ್ಜ ಹೆಂಗಸಿಗೆ ಹೊಂದುವುದಿಲ್ಲ. ಒಂದೇ ಶ್ರುತಿ ಇಟ್ಟುಕೊಂಡರೆ ಒಬ್ಬರಿಗೆ ಏರು, ಇನ್ನೊಬ್ಬರಿಗೆ ಇಳಿ. ಪಶ್ಚಿಮದವರು ಇದಕ್ಕೆ ದಾರಿ ಕಂಡುಕೊಂಡಿದ್ದಾರೆ. ನಾಲ್ಕು ಎತ್ತರದ ದನಿಗಳಿಗೆ ನಾಲ್ಕು ಬೇರೆ ಬೇರೆ ಸ್ವರಪಂಕ್ತಿ ಬರೆದು, ಅವೆಲ್ಲ ಕೂಡಿ ಒಂದು ನಾದವಾಗುವ ಹಾಗೆ ಹೊಂದಿಸುತ್ತಾರೆ. ನಮ್ಮದು ಹಾಗಲ್ಲ; ಎಲ್ಲರೂ ಒಂದೇ ಮಟ್ಟನ್ನು ಹಾಡಬೇಕು. ಕೊನೆಗೆ ಹುಡುಗರು ಸ್ವಲ್ಪ ಏರಿ, ಹುಡುಗಿಯರು ಸ್ವಲ್ಪ ಇಳಿದು, ಇಬ್ಬರಿಗೂ ಅಷ್ಟಿಷ್ಟು ಕಷ್ಟವಾಗುವ ಒಂದು ಜಾಗ ಹುಡುಕಿಕೊಂಡೆವು. ಹಾರ್ಮೋನಿಯಂ ಇದ್ದಿದ್ದರೆ ಅದು ಹೇಳಿದ್ದೇ ಶ್ರುತಿ. ಇಲ್ಲದಿದ್ದಾಗ ಶ್ರುತಿ ಎಂಬುದು ಒಂದು ಒಪ್ಪಂದ.

ಎರಡನೆಯ ತೊಡಕು ಇನ್ನೂ ಸೂಕ್ಷ್ಮವಾದದ್ದು. ವಾದ್ಯದ ಆಸರೆಯಿಲ್ಲದ ಮೇಳ ಹಾಡುತ್ತ ಹಾಡುತ್ತ ತನಗೆ ಗೊತ್ತಿಲ್ಲದೆ ಕೆಳಗಿಳಿಯುತ್ತದೆ. ಪಳಗಿದ ಮೇಳಗಳಿಗೂ ಇದು ತಪ್ಪಿದ್ದಲ್ಲವಂತೆ. ನಮ್ಮವರು ಹಾಡು ಎತ್ತಿಕೊಂಡ ಜಾಗ ಒಂದು, ಮುಗಿಸುತ್ತಿದ್ದ ಜಾಗ ಇನ್ನೊಂದು. ಎಲ್ಲರೂ ಒಟ್ಟಿಗೆ ಇಳಿದರೆ ಇಳಿದದ್ದು ಒಳಗಿರುವ ಯಾರಿಗೂ ಗೊತ್ತಾಗುವುದಿಲ್ಲ. ಒಬ್ಬ ಮಾತ್ರ ಇಳಿಯದೆ ಮೊದಲಿನ ಜಾಗದಲ್ಲೇ ನಿಂತರೆ ಅವನೇ ತಪ್ಪು ಹಾಡಿದ ಹಾಗೆ ಕೇಳುತ್ತದೆ. ಇದನ್ನು ನಾನು ಆಗ ಸಂಗೀತದ ಸಮಸ್ಯೆ ಎಂದು ಮಾತ್ರ ತಿಳಿದಿದ್ದೆ.

ಮೈಸೂರಿನಲ್ಲಿ ಅಂತರ ಕಾಲೇಜು ಸ್ಪರ್ಧೆ ಬಂತು. ಸಮೂಹಗಾನಕ್ಕೆ ಆರು ಜನ ಇರಬೇಕೆಂಬುದು ಆ ಸ್ಪರ್ಧೆಯ ನಿಯಮ. ನಮ್ಮಲ್ಲಿ ಚೆನ್ನಾಗಿ ಹಾಡುವವರು ಸರಿಯಾಗಿ ಆರು ಮಂದಿ ಇದ್ದರು. ಹೊರಡುವ ಎರಡು ದಿನ ಮೊದಲು ಒಬ್ಬ ಹುಡುಗಿಯನ್ನು ಅವಳ ತಂದೆ ಕಳಿಸುವುದಿಲ್ಲ ಎಂದರು. ಕಾರಣ ಊರು ದೂರ ಎಂಬುದಷ್ಟೇ ಆಗಿರಲಿಲ್ಲ. ನಮ್ಮ ನೋಟ್‌ಬುಕ್ಕಿನಲ್ಲಿ ಎಲ್ಲ ಕೇರಿಯ ಹಾಡೂ ಇದ್ದವು. ಯಾವ ಹಾಡನ್ನು ಯಾರ ಜೊತೆ ನಿಂತು ಹಾಡುತ್ತೀ ಎಂಬ ಮಾತು ಆ ಮನೆಯಲ್ಲಿ ಬಂದಿತ್ತು. ಉಳಿದವರು ಐದು. ಆರನೆಯವನಾಗಿ ಅವನನ್ನು ಕರೆದುಕೊಂಡು ಹೋದೆ. ವೇದಿಕೆಯ ಪಕ್ಕದಲ್ಲಿ ನಿಂತಾಗ ಆ ಮಾತು ಹೇಳಿದೆ.

ನಮಗೆ ಮೂರನೆಯ ಬಹುಮಾನ ಬಂತು. ತೀರ್ಪುಗಾರರಲ್ಲಿ ಒಬ್ಬರು ಆಮೇಲೆ ನನ್ನನ್ನು ಕರೆದು, ಹಾಡು ಚೆನ್ನಾಗಿತ್ತು, ಕೊನೆಯ ಚರಣದಲ್ಲಿ ಯಾರೋ ಸ್ವಲ್ಪ ಕೆಳಗೆ ಹೋದರು, ಇಲ್ಲದಿದ್ದರೆ ಎರಡನೆಯದು ಕೊಡುತ್ತಿದ್ದೆವು ಎಂದರು. ಬಸ್ಸಿನಲ್ಲಿ ನಾನು ಒಬ್ಬ ಹುಡುಗಿಗೆ, ‘ಕೊನೆಯಲ್ಲಿ ಉಸಿರು ಬಿಟ್ಟುಬಿಟ್ಟೆಯಲ್ಲಮ್ಮ’ ಎಂದೆ. ಸಿಟ್ಟಿನಿಂದ ಹೇಳಲಿಲ್ಲ, ಆದರೆ ಎಲ್ಲರ ಎದುರಿಗೆ ಹೇಳಿದೆ. ಅವಳು ಏನೋ ಹೇಳಲು ಬಾಯಿ ತೆರೆದು ಸುಮ್ಮನಾದಳು. ಆ ಹುಡುಗ ಹಿಂದಿನ ಸೀಟಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಆರು ಪ್ರಮಾಣಪತ್ರದಲ್ಲಿ ಒಂದು ಅವನ ಹೆಸರಿನಲ್ಲಿತ್ತು. ಅವನು ಒಂದೆರಡು ತಿಂಗಳು ಅಭ್ಯಾಸಕ್ಕೆ ಬಂದ, ಬೀಗ ತೆರೆದ, ಕಿಟಕಿ ತೆರೆದ. ಆಮೇಲೆ ಬರಲಿಲ್ಲ. ಮುಂದಿನ ವರ್ಷ ಮೇಳವೂ ಇರಲಿಲ್ಲ.

ಇಷ್ಟೇ ಕಥೆ. ಇದರಲ್ಲಿ ಯಾರೂ ಸಾಯಲಿಲ್ಲ, ಯಾರ ಮನೆಯೂ ಹಾಳಾಗಲಿಲ್ಲ. ಆದರೂ ಇದು ನನ್ನನ್ನು ಬಿಡದಿರುವುದಕ್ಕೆ ಒಂದು ಕಾರಣ ನಮ್ಮಜ್ಜಿ.

ನಮ್ಮಜ್ಜಿ ನಾನು ಹುಟ್ಟುವ ಮೊದಲೇ ಗಂಡನನ್ನು ಕಳೆದುಕೊಂಡವರು. ಕೊಳ್ಳೇಗಾಲ ಇನ್ನೂ ಮದರಾಸಿನ ಆಡಳಿತದಲ್ಲಿ, ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕಾಲದಲ್ಲಿ, ಅಂದರೆ 1956ಕ್ಕೆ ಮುಂಚೆ, ಮದುವೆಯಾಗಿ ಬಂದವರು. ಬರುವಾಗ ತವರಿನಿಂದ ಹಾಡಿನ ಗಂಟನ್ನೇ ತಂದಿದ್ದರು. ನಮ್ಮ ಬೀದಿಯಲ್ಲಿ ಅವರಷ್ಟು ಸೋಬಾನೆ ಗೊತ್ತಿದ್ದವರು ಇನ್ನೊಬ್ಬರಿರಲಿಲ್ಲ. ಆದರೆ ಹಸೆಯ ಮುಂದೆ ಹಾಡುವವರು ಮುತ್ತೈದೆಯರು. ನಮ್ಮ ಮನೆಯ ಮದುವೆಗಳಲ್ಲಿ ನಮ್ಮಜ್ಜಿ ನಡುಮನೆಯ ಬಾಗಿಲ ಹಿಂದೆ, ಬೆಳಕಿಗೆ ಬಾರದ ಹಾಗೆ ಕೂತಿರುತ್ತಿದ್ದರು. ಹೊರಗೆ ಹಾಡು ತಡವರಿಸಿದರೆ ಒಳಗಿನಿಂದ ಸಾಲು ಎತ್ತಿಕೊಡುತ್ತಿದ್ದರು. ಹಸೆಯ ಮುಂದಿನವರು ಅದನ್ನು ಹಿಡಿದು ಮುಂದುವರಿಸುತ್ತಿದ್ದರು. ಎಷ್ಟೋ ಸಲ ಇಡೀ ಹಾಡನ್ನು ನಮ್ಮಜ್ಜಿಯೇ ಹಾಡಿಸಿದ್ದನ್ನು ನಾನು ಕಂಡಿದ್ದೇನೆ. ಅವರ ದನಿ ಬೇಕಿತ್ತು, ಮುಖ ಬೇಡವಾಗಿತ್ತು.

ನಾನು ಆ ಹುಡುಗನಿಗೆ ಮಾಡಿದ್ದು ಇದರ ತಿರುವು. ಅವನ ಮುಖ ಬೇಕಿತ್ತು, ದನಿ ಬೇಡವಾಗಿತ್ತು. ನಮ್ಮಜ್ಜಿಗೆ ಆದದ್ದನ್ನು ನೆನೆದು ಸಿಟ್ಟಾಗುತ್ತಿದ್ದ ನಾನು, ಹಳೆಯ ಕಾಲದವರ ಮೂಢತನವೆಂದು ತರಗತಿಯಲ್ಲಿ ಭಾಷಣ ಮಾಡಿದ ನಾನು, ಹೊಸ ಕಾಲದ ಕಾಲೇಜಿನಲ್ಲಿ ಅದನ್ನೇ ಬೋರಲು ಮಾಡಿ ನಡೆಸಿದೆ. ಅಂದಿನವರಿಗೆ ಶಾಸ್ತ್ರದ ನೆಪವಿತ್ತು, ನನಗೆ ಸ್ಪರ್ಧೆಯ ನಿಯಮದ ನೆಪ.

ನನ್ನ ಪರವಾಗಿ ಹೇಳಬಹುದಾದದ್ದನ್ನೂ ಹೇಳುತ್ತೇನೆ. ತೇರು ಎಳೆಯುವಾಗ ಹಗ್ಗ ಹಿಡಿದ ಸಾವಿರ ಜನರೂ ಎಳೆಯುವುದಿಲ್ಲ. ಮುದುಕರು, ಮಕ್ಕಳು ಹಗ್ಗ ಮುಟ್ಟಿ ಕೈ ಕಣ್ಣಿಗೊತ್ತಿಕೊಳ್ಳುತ್ತಾರೆ. ಅವರು ತೇರು ಎಳೆದವರಲ್ಲ ಎಂದು ಯಾರೂ ಹೇಳುವುದಿಲ್ಲ. ಹಾಗೆಯೇ ಇವನು ಹಾಡದೆ ನಿಂತರೂ ಮೇಳದವನೇ, ತಪ್ಪೇನು? ಬಹಳ ದಿನ ಈ ವಾದದ ಮೇಲೆ ಒರಗಿಕೊಂಡಿದ್ದೆ. ಆದರೆ ಹಗ್ಗ ಮುಟ್ಟಿದ ಮುದುಕಿಗೆ ‘ಎಳೆಯಬೇಡ, ಎಳೆದ ಹಾಗೆ ನಟಿಸು’ ಎಂದು ಯಾರೂ ಹೇಳಿರುವುದಿಲ್ಲ. ತನ್ನ ಕೈಯಲ್ಲಾದಷ್ಟು ಅವಳು ಕೊಡುತ್ತಾಳೆ, ಅಷ್ಟೇ ಅವಳದು ಎಂಬುದು ನೋಡುವವರಿಗೂ ಗೊತ್ತು. ಬಾಯಾಡಿಸುವವನ ವಿಷಯ ಹಾಗಲ್ಲ. ನೋಡುವವರು ಮೋಸ ಹೋಗಲೆಂದೇ ಅವನು ಬಾಯಾಡಿಸಬೇಕು. ಅವನ ಬಾಯಿಂದಲೇ ಒಂದು ಸುಳ್ಳನ್ನು, ಅದೂ ಶಬ್ದವಿಲ್ಲದ ಸುಳ್ಳನ್ನು, ನಾನು ಹೇಳಿಸಿದೆ.

ಇನ್ನೊಂದು ವಾದ ಹಾಡಿನ ಪರವಾದದ್ದು. ಐದು ಮಕ್ಕಳು ತಿಂಗಳುಗಟ್ಟಲೆ ಗಂಟಲು ತಿದ್ದಿಕೊಂಡಿದ್ದರು. ಒಬ್ಬನ ಮನಸ್ಸು ನೋಯುತ್ತದೆಂದು ಅವರ ಶ್ರಮ ಕೆಡಿಸುವುದು ನ್ಯಾಯವೇ? ಹಾಡಿಗೂ ಒಂದು ಹಕ್ಕಿಲ್ಲವೇ? ಇದೆ. ಇದನ್ನು ನಾನು ಈಗಲೂ ತಳ್ಳಿಹಾಕಲಾರೆ. ಆ ಹುಡುಗನ ಮನೆಯಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದರು. ಒಂದು ಸಲ ಹೋಗಿ ನೋಡಿದ್ದೆ. ಒಂದು ಗೂಡಿನ ಎಳೆ ಕಣ್ಣಿಗೇ ಕಾಣದಷ್ಟು ತೆಳುವು. ಬಿಸಿನೀರಿನ ಬೋಗುಣಿಯಲ್ಲಿ ಎಂಟೋ ಹತ್ತೋ ಗೂಡು ತೇಲಿಬಿಟ್ಟು ಅವುಗಳ ಎಳೆ ಕೂಡಿಸಿದರೆ ಒಂದು ನೂಲು. ಆದರೆ ಅದಕ್ಕೆ ಮೊದಲು ಗೂಡು ಆರಿಸುತ್ತಾರೆ. ಎರಡು ಹುಳು ಸೇರಿ ಕಟ್ಟಿದ ಜೋಡಿ ಗೂಡು, ಕಲೆಯಾದ ಗೂಡು, ಇವನ್ನು ಬೇರೆ ಹಾಕುತ್ತಾರೆ. ಬಿಸಾಡುವುದಿಲ್ಲ, ಜೋಡಿ ಗೂಡಿನಿಂದ ಬೇರೆ ಒರಟು ನೂಲು ತೆಗೆಯುತ್ತಾರೆ, ಅದಕ್ಕೂ ಬೆಲೆಯುಂಟು. ಆರಿಸುವುದು ಪಾಪವಲ್ಲ. ಆದರೆ ಬೇರೆ ಹಾಕಬೇಕಾದ ಗೂಡನ್ನು ಲೆಕ್ಕ ತುಂಬಲಿ ಎಂದು ಬೋಗುಣಿಯಲ್ಲಿ ತೇಲಿಸಿ, ಎಳೆ ಮಾತ್ರ ಹಚ್ಚದೆ ಬಿಡುವ ಕಸುಬುದಾರನನ್ನು ನಾನು ಕಂಡಿಲ್ಲ. ನನಗೆ ಬೇಕಿದ್ದದ್ದು ಆರನೆಯ ತಲೆ. ಅದನ್ನು ಕರುಣೆ ಎಂದು ನನಗೆ ನಾನೇ ಹೇಳಿಕೊಂಡೆ. ಮೇಳ ಕಟ್ಟಿದವನನ್ನು ಬಿಟ್ಟು ಹೋದರೆ ನೊಂದುಕೊಳ್ಳುತ್ತಾನೆ ಎಂಬ ಯೋಚನೆ ನನಗೆ ಬಂದದ್ದು ನಿಜ. ಆದರೆ ಆರೂ ಮಂದಿ ಹಾಡುವವರೇ ಇದ್ದಷ್ಟು ದಿನ ಅವನನ್ನು ಕರೆದೊಯ್ಯುವ ಯೋಚನೆ ಬಂದಿರಲಿಲ್ಲ ಎಂಬುದೂ ಅಷ್ಟೇ ನಿಜ.

ಶುದ್ಧವಾದ ದನಿಗಾಗಿ ಮನುಷ್ಯರು ಏನೇನು ಮಾಡಿದ್ದಾರೆ ಎಂದು ಆಮೇಲೆ ಓದಿ ತಿಳಿದೆ. ವಾದ್ಯವಿಲ್ಲದ ಮೇಳಗಾನಕ್ಕೆ ಪಶ್ಚಿಮದಲ್ಲಿ ‘ಅ ಕಪೆಲ್ಲ’ ಎಂಬ ಹೆಸರು. ಇಟಲಿಯ ಮಾತು, ಪ್ರಾರ್ಥನಾಮಂದಿರದ ರೀತಿಯಲ್ಲಿ ಎಂದು ಅರ್ಥ. ವ್ಯಾಟಿಕನ್ನಿನ ಸಿಸ್ಟೀನ್ ಮಂದಿರದ ಮೇಳ ಈ ಬಗೆಯ ಹಾಡಿಕೆಗೆ ಪ್ರಸಿದ್ಧ. ಆ ಮೇಳದಲ್ಲಿ ಹೆಂಗಸರಿಗೆ ಪ್ರವೇಶವಿರಲಿಲ್ಲ, ಆದರೆ ಎತ್ತರದ ದನಿ ಬೇಕಾಗಿತ್ತು. ಅದಕ್ಕಾಗಿ ಎಳೆಯ ವಯಸ್ಸಿನಲ್ಲೇ ಬೀಜ ತೆಗೆಸಿ ದನಿ ಒಡೆಯದ ಹಾಗೆ ಮಾಡಿದ ಗಂಡಸರನ್ನು ನೂರಾರು ವರ್ಷ ಹಾಡಿಸಿದರು. 1903ರಲ್ಲಿ ಹತ್ತನೆಯ ಪಯಸ್ ಎಂಬ ಪೋಪ್, ಎತ್ತರದ ದನಿಗೆ ಹುಡುಗರನ್ನೇ ಬಳಸಬೇಕೆಂದು ವಿಧಿಸಿದ ಮೇಲೆ ಆ ಪದ್ಧತಿ ಮುಗಿಯಿತು. ಅವರಲ್ಲಿ ಅಲೆಸ್ಸಾಂದ್ರೊ ಮೊರೆಸ್ಕಿ ಎಂಬಾತನ ಹಾಡು 1902 ಮತ್ತು 1904ರಲ್ಲಿ ಧ್ವನಿಮುದ್ರಣವಾಗಿ ಉಳಿದಿದೆ. ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದಲ್ಲಿ 1909ರಲ್ಲಿ ವಿಫನ್‌ಪೂಫ್ಸ್ ಎಂಬ ವಿದ್ಯಾರ್ಥಿಗಳ ಮೇಳ ಹುಟ್ಟಿತು. ಅಲ್ಲಿನ ಕಾಲೇಜು ಮೇಳಗಳಿಗೆಲ್ಲ ಅದು ಹಿರಿಯಣ್ಣ. ಒಬ್ಬ ಹುಡುಗಿಗೆ ಅದರೊಳಗೆ ಜಾಗ ಸಿಕ್ಕಿದ್ದು 2018ರಲ್ಲಿ. ಬಾಗಿಲ ಹಿಂದೆ ಕೂತದ್ದು ನಮ್ಮಜ್ಜಿ ಒಬ್ಬರೇ ಅಲ್ಲ.

ಆದ್ದರಿಂದ ನಮ್ಮ ಹಳೆಯ ಹಾಡಿನ ಕೂಟದಲ್ಲಿ ಎಲ್ಲರಿಗೂ ಜಾಗವಿತ್ತು, ಕಾಲೇಜು ಸ್ಪರ್ಧೆ ಬಂದು ಕೆಡಿಸಿತು ಎಂದು ನಾನು ಹೇಳುವುದಿಲ್ಲ. ಆ ಕೂಟದಲ್ಲಿ ಯಾರು ಎಲ್ಲಿ ಕೂರಬೇಕು, ಯಾರು ಕೂರಲೇಬಾರದು ಎಂಬುದು ಕಟ್ಟುನಿಟ್ಟಾಗಿತ್ತು. ಆದರೆ ಅದರಿಂದ ಕಲಿಯಬೇಕಾದ ಒಂದು ವಿಷಯ ಇತ್ತು. ಒಳಗೆ ಬಂದವರ ದನಿಯನ್ನು ಅವರು ತೂಗಿ ನೋಡುತ್ತಿರಲಿಲ್ಲ. ಬೊಚ್ಚು ಬಾಯಿಯ ಮುದುಕಿಯೂ ಸೊಲ್ಲು ಹಿಡಿಯುತ್ತಿದ್ದಳು. ಹಾಡಿನ ಕಟ್ಟೇ ಹಾಗಿತ್ತು. ಕಷ್ಟದ ಭಾಗ ಎತ್ತಿಕೊಡುವವಳದು, ಸೊಲ್ಲು ಎಲ್ಲರದು, ಸೊಲ್ಲಿನಲ್ಲಿ ಒಂದಿಷ್ಟು ಏರುಪೇರಾದರೂ ಹಾಡು ಕೆಡುತ್ತಿರಲಿಲ್ಲ. ಹೆಬ್ಬಣಿ ಮಾದಯ್ಯ ಮತ್ತು ತಂಡದವರು ಹಾಡಿದ ಮಲೆ ಮಾದೇಶ್ವರ ಕಾವ್ಯ 2001ರಲ್ಲಿ ಸಾಹಿತ್ಯ ಅಕಾಡೆಮಿಯಿಂದ ಇಂಗ್ಲಿಷಿನಲ್ಲೂ ಬಂತು. ಅದರ ಹೆಸರಿನಲ್ಲೇ ‘ಮತ್ತು ತಂಡ’ ಎಂದಿರುವುದು ನನಗೆ ಇಷ್ಟ. ಗಂಟೆಗಟ್ಟಲೆ ಕಥೆ ಹೇಳುವವನು ಒಬ್ಬನಾದರೂ, ಹಿಮ್ಮೇಳ ಸೊಲ್ಲು ಹಿಡಿಯದಿದ್ದರೆ ಅವನಿಗೆ ಉಸಿರು ತೆಗೆದುಕೊಳ್ಳುವುದಕ್ಕೂ ಜಾಗವಿಲ್ಲ.

ನನ್ನ ಮುಂದೆ ಎರಡು ಪ್ರಾಮಾಣಿಕ ದಾರಿಗಳಿದ್ದವು. ಮೇಳವೇ ಮುಖ್ಯವೆಂದಾದರೆ, ಇರುವ ಆರು ಜನಕ್ಕೆ ಹೊಂದುವ ಹಾಡು ಆರಿಸಿ, ಬಂದಷ್ಟು ಬರಲಿ ಎಂದು ಹಾಡಿಸಬಹುದಿತ್ತು. ಹಾಡೇ ಮುಖ್ಯವೆಂದಾದರೆ ‘ನಿನಗೆ ಶ್ರುತಿ ನಿಲ್ಲುವುದಿಲ್ಲ ಕಣಪ್ಪ, ನಿನ್ನನ್ನು ಹಾಡಿಸಲಾರೆ’ ಎಂದು ಕೂರಿಸಿಕೊಂಡು ಹೇಳಿ, ಆರು ಜನ ಇಲ್ಲದ್ದಕ್ಕೆ ಸ್ಪರ್ಧೆಯನ್ನೇ ಬಿಡಬಹುದಿತ್ತು. ಎರಡಕ್ಕೂ ಬೆಲೆ ತೆರಬೇಕಿತ್ತು. ಬೆಲೆ ತೆರದೆ ಎರಡನ್ನೂ ಇಟ್ಟುಕೊಳ್ಳಲು ಹೋದೆ. ಬಹುಪಾಲು ಸುಳ್ಳುಗಳು ಹುಟ್ಟುವುದು ದುಷ್ಟತನದಿಂದಲ್ಲ, ಈ ಬಗೆಯ ಜಿಪುಣತನದಿಂದ ಎಂದು ನನಗೆ ಅನ್ನಿಸುತ್ತದೆ.

ಇಷ್ಟನ್ನು ನನ್ನಷ್ಟಕ್ಕೆ ನಾನೇ ಯೋಚಿಸಿ, ತಪ್ಪೊಪ್ಪಿಕೊಂಡು, ಒಂದು ಬಗೆಯ ಸಮಾಧಾನಕ್ಕೂ ಬಂದಿದ್ದೆ. ನಿವೃತ್ತನಾಗಿ ಊರಿಗೆ ಬಂದ ಮೇಲೆ ಒಂದು ಶಿವರಾತ್ರಿಯ ಹಿಂದಿನ ದಿನ ದಾರಿಬದಿಯಲ್ಲಿ ಪರಸೆಯವರಿಗೆ ನೀರುಮಜ್ಜಿಗೆ ಕೊಡುತ್ತಿದ್ದ ಚಪ್ಪರದಡಿ ಅವನು ಸಿಕ್ಕಿದ. ತಲೆ ನರೆತಿತ್ತು. ನನ್ನನ್ನು ಕಂಡವನೇ ಲೋಟ ಕೈಗಿಟ್ಟು, ಕೂರಲು ಕುರ್ಚಿ ಎಳೆದ. ಅದೂ ಇದೂ ಮಾತಾದ ಮೇಲೆ ನಾನೇ ತೆಗೆದೆ. ‘ಅವತ್ತು ನಿನಗೆ ಹಾಗೆ ಹೇಳಬಾರದಿತ್ತು, ತಪ್ಪಾಯಿತು’ ಅಂದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ‘ನೀವ್ ಹೇಳ್ದಂಗ ನಾ ಮಾಡ್ನಿಲ್ಲ ಸಾರ್’ ಎಂದ. ‘ಕಡೇ ಚರಣಕ್ಕ ತಡಿಯಾಕ್ ಆಗ್ನಿಲ್ಲ. ನಾನೂ ಹಾಡ್ಬುಟ್ಟಿ.’

ನನಗೆ ತಕ್ಷಣ ಅರ್ಥವಾಗಲಿಲ್ಲ. ಆಮೇಲೆ ಆಯಿತು. ಕೊನೆಯ ಚರಣದಲ್ಲಿ ಕೆಳಗೆ ಹೋದ ದನಿ ಅವನದು.

‘ಬಸ್ನಲ್ಲಿ ನೀವು ಆ ಹುಡ್ಗೀಗ ಅಂದ್ರಲ್ಲ, ಆಗ್ಲೇ ಹೇಳ್ಬೇಕಿತ್ತು. ಬಾಯಿ ಬರ್ನಿಲ್ಲ. ನೀವು ನಂಗ ಹೇಳಿದ್ದು ದೊಡ್ಡ ನೋವಲ್ಲ ಸಾರ್. ನನ್ನ್ ಗಂಟ್ಲು ನಂಗ ಗೊತ್ತು. ಅವ್ಳು ನನ್ನ್ ತಪ್ಗ ಬೈಸ್ಕಂಡ್ಳಲ್ಲ, ಅದು.’ ವರ್ಷಗಳ ಮೇಲೆ ಅವಳನ್ನು ಕಂಡು ಹೇಳಿದ್ದನಂತೆ. ಅವಳು ಯಳಂದೂರಿನ ಕಡೆ ಒಂದು ಶಾಲೆಯಲ್ಲಿ ಟೀಚರು. ‘ನೀವೂ ಒಂದ್ ದಪ ಹೇಳ್ಬುಡಿ ಸಾರ್’ ಎಂದು, ಹೊಸದಾಗಿ ಬಂದ ಗುಂಪಿಗೆ ಮಜ್ಜಿಗೆ ಕೊಡಲು ಎದ್ದ.

ನನ್ನ ಅಷ್ಟು ವರ್ಷದ ಯೋಚನೆಯಲ್ಲಿ ಆ ಹುಡುಗಿ ಇರಲೇ ಇಲ್ಲ. ನಾನು, ಆ ಹುಡುಗ, ನಮ್ಮಿಬ್ಬರ ನಡುವಿನ ಗುಟ್ಟು, ಇಷ್ಟರಲ್ಲೇ ಲೆಕ್ಕ ಮುಗಿಸಿದ್ದೆ. ಇಬ್ಬರ ನಡುವೆ ಮುಚ್ಚಿಟ್ಟದ್ದಕ್ಕೆ ಮೂರನೆಯವರು ತೆರುತ್ತಾರೆ ಎಂಬುದು ಹೊಳೆದಿರಲಿಲ್ಲ. ಒಬ್ಬ ಹಾಡುತ್ತಿಲ್ಲ ಎಂದು ನಂಬಿದ್ದರಿಂದಲೇ ನನ್ನ ಕಿವಿ ಅವನ ದನಿಯನ್ನು ಇನ್ನೊಬ್ಬಳ ಗಂಟಲಿಗೆ ಕಟ್ಟಿತು. ಮೇಳದೊಳಗಿದ್ದು ಎಲ್ಲರ ಜೊತೆ ಇಳಿದವನಿಗೆ ಇಳಿದದ್ದು ತಿಳಿಯುವುದಿಲ್ಲ ಎಂದು ಮೊದಲೇ ಹೇಳಿದೆನಲ್ಲ. ಅವಳು ಇಳಿಯದೆ ನಿಂತಿದ್ದಳು. ತಪ್ಪು ಅವಳದೆಂದು ಕೇಳಿಸಿತು.

ಒಂದು ಶನಿವಾರ ಬೆಳಿಗ್ಗೆ ಆ ಶಾಲೆಗೆ ಹೋದೆ. ಮಕ್ಕಳೆಲ್ಲ ಮನೆಗೆ ಹೋಗುವ ಹೊತ್ತಿಗೆ ಬಿಡುವಾದಳು. ಹೇಳಬೇಕಾದದ್ದನ್ನು ಹೇಳಿದೆ. ‘ನಾನು ಇಳಿದಿರಲಿಲ್ಲ ಅಂತ ನನಗೆ ಅವತ್ತೇ ಗೊತ್ತಿತ್ತು ಸಾರ್’ ಎಂದಳು. ‘ಆದ್ರೆ ನೀವು ಹೇಳಿದ ಮೇಲೆ ಇರಬಹುದೇನೋ ಅನ್ನಿಸ್ತು. ಆಮೇಲೆ ಎಲ್ಲೂ ಮುಂದೆ ನಿಂತು ಹಾಡ್ಲಿಲ್ಲ.’ ದೂರಾಗಿ ಹೇಳಲಿಲ್ಲ. ನಡೆದದ್ದನ್ನು ಹೇಳುವ ಹಾಗೆ ಹೇಳಿದಳು. ನನಗೆ ಏನು ಹೇಳಲೂ ತೋಚಲಿಲ್ಲ. ಅವಳೇ ಮಾತು ಬದಲಿಸಿ ಕಾಫಿ ತರಿಸಿದಳು.

ಹೊರಡುವಾಗ ಕೇಳಿದೆ: ‘ನಿನ್ನ ತರಗತಿಯಲ್ಲೂ ಶ್ರುತಿ ಸೇರದ ಮಕ್ಕಳು ಇರುತ್ತಾರಲ್ಲ, ಅವರನ್ನು ಏನು ಮಾಡುತ್ತೀ?’

‘ನನ್ನ ಪಕ್ಕದಲ್ಲಿ ನಿಲ್ಲಿಸ್ಕೋತೀನಿ ಸಾರ್. ಕಿವಿ ಹತ್ರ ಸರಿಯಾದ ದನಿ ಇದ್ರೆ ನಿಧಾನಕ್ಕೆ ಸೇರ್ಕೋತಾರೆ.’

‘ಎಲ್ಲರೂ ಸೇರಿಕೊಳ್ಳುತ್ತಾರಾ?’

‘ಇಲ್ಲ ಸಾರ್, ಕೆಲವರಿಗೆ ಬರೋದೇ ಇಲ್ಲ’ ಎಂದಳು. ‘ಅವರೂ ಹಾಡ್ತಾರೆ.’